ಇಂಪ್ಲಾಂಟ್ ಮೇಲಿನ ಜಿರ್ಕೋನಿಯಾ ಕ್ಯಾಪಿಗೆ ಫಾಸ್ಟ್ ಸಿಂಟರಿಂಗ್ ಮಾಡಬಹುದಾ?

ಬೆಂಚಿನ_ಹಿಂದೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಡೆಂಟಲ್ ಲ್ಯಾಬ್. ಜಿರ್ಕೋನಿಯಾ ಅನ್ನುವ ಬಿಳಿ ಸಿರಾಮಿಕ್ಕಿನಲ್ಲಿ ಹಲ್ಲಿನ ಕ್ಯಾಪ್ ಮಾಡುತ್ತೇವೆ. ಈಚೆಗೆ ಹೊಸ ಸಿಂಟರಿಂಗ್ ಫರ್ನೇಸ್ (ಕೊರೆದ ಕ್ಯಾಪನ್ನು ಸುಟ್ಟು ಗಟ್ಟಿ ಮಾಡುವ ಕುಲುಮೆ) ತಂದಿದ್ದೇವೆ. ಅದರಲ್ಲಿ ಎರಡು ಪ್ರೋಗ್ರಾಂ ಬಳಸುತ್ತೇವೆ. ಒಂದು ರಾತ್ರಿಯಿಡೀ ಓಡುತ್ತದೆ. ಇನ್ನೊಂದು ಸುಮಾರು 90 ನಿಮಿಷದಲ್ಲಿ ಮುಗಿಯುತ್ತದೆ. ಡಾಕ್ಟರುಗಳಿಗೆ ಎಲ್ಲವೂ ಇವತ್ತೇ ಬೇಕು, ಗೊತ್ತಲ್ಲ. ಮಾಮೂಲಿ ಕ್ಯಾಪುಗಳನ್ನು ಫಾಸ್ಟ್‌ನಲ್ಲೇ ಸುಟ್ಟು ಕೊಡುತ್ತಿದ್ದೇವೆ, ತೊಂದರೆ ಬಂದಿಲ್ಲ.

ಇಂಪ್ಲಾಂಟ್ (ದವಡೆಯ ಮೂಳೆಗೆ ಹಾಕುವ ಕೃತಕ ಬೇರು) ಕೇಸಿನಲ್ಲಿ ಮಾತ್ರ, ಅದರಲ್ಲೂ ಟೈ-ಬೇಸ್ (ಇಂಪ್ಲಾಂಟಿಗೂ ಕ್ಯಾಪಿಗೂ ನಡುವಿನ ಸಣ್ಣ ಟೈಟಾನಿಯಂ ತುಂಡು) ಮೇಲೆ ಕೂರುವ ದೊಡ್ಡ ದವಡೆ ಹಲ್ಲಿನಲ್ಲಿ, ಆಗಾಗ ಕೂದಲೆಳೆಯಷ್ಟು ಸೀಳು ಕಾಣಿಸುತ್ತಿದೆ. ಸ್ಕ್ರೂ ತೂತಿನ ಹತ್ತಿರ ಶುರುವಾಗಿ ಕೆಳಗೆ ಇಳಿದಿರುತ್ತದೆ. ಅದೇ ಡಿಸ್ಕ್ (ಕ್ಯಾಪ್ ಕೊರೆಯುವ ಜಿರ್ಕೋನಿಯಾ ಬಿಲ್ಲೆ), ಅದೇ ಮಿಲ್ಲಿಂಗ್ ಮಷಿನ್ (ಕೊರೆಯುವ ಯಂತ್ರ), ಅದೇ ಕೈ. ಫರ್ನೇಸ್ ಮಾರಿದವರು ಡಿಸ್ಕ್ ಸರಿಯಿಲ್ಲ ಅಂತಾರೆ. ಡಿಸ್ಕ್ ಮಾರಿದವರು ಫರ್ನೇಸ್ ಸರಿಯಿಲ್ಲ ಅಂತಾರೆ. ಯಾರ ಮಾತು ನಂಬೋದು?

ಕಡಲ_ಲ್ಯಾಬ್ (ಮಂಗಳೂರು)

ಇಬ್ಬರೂ ತಮ್ಮ ತಮ್ಮ ಮಾಲು ಕಾಪಾಡಿಕೊಳ್ಳುತ್ತಿದ್ದಾರೆ, ಬಿಡಿ. ನಾವು ಫಾಸ್ಟ್ ಶುರು ಮಾಡಿ ಬಹಳ ಕಾಲವಾಯಿತು. ಜನ ಸುಮ್ನೆ ಹೆದರಿಸುತ್ತಾರೆ. 3ವೈ ಜಿರ್ಕೋನಿಯಾವನ್ನು (ಯಿಟ್ರಿಯಾ ಅನ್ನುವ ಆಕ್ಸೈಡ್ ಸ್ವಲ್ಪ ಬೆರೆಸಿದ್ದು) ಬೇಗ ಸುಟ್ಟರೂ ನಿಧಾನಕ್ಕೆ ಸುಟ್ಟರೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಅಂತ ಎಷ್ಟೋ ಅಧ್ಯಯನಗಳಲ್ಲೇ ಬಂದಿದೆ.

ಮೊದಲು ಇದು ಹೇಳಿ. ಕಲರಿಂಗ್ ಲಿಕ್ವಿಡ್ ಹಾಕುತ್ತೀರಾ? ಹಾಕಿದ ಮೇಲೆ ಹೇಗೆ ಒಣಗಿಸುತ್ತೀರಿ?

ಬೆಂಚಿನ_ಹಿಂದೆ

ಮಿಲ್ಲಿಂಗ್ ಒಣದು ಸರ್, ನೀರು ಬಳಸಲ್ಲ. ಲಿಕ್ವಿಡ್ ಹಾಕುತ್ತೇವೆ. ಆಮೇಲೆ ಲ್ಯಾಂಪ್ ಕೆಳಗೆ ಇಡುತ್ತೇವೆ. ಮುಟ್ಟಿ ನೋಡಿ ಒಣಗಿದೆ ಅನ್ನಿಸಿದರೆ ಫರ್ನೇಸಿಗೆ.

ಕಡಲ_ಲ್ಯಾಬ್

ಅಲ್ಲೇ ಸಿಕ್ಕಿತಲ್ಲ. ಮೇಲೆ ಒಣಗಿದ್ದು ಒಳಗೂ ಒಣಗಿರಬೇಕೆಂದಿಲ್ಲ. ಸಿಂಟರ್ ಆಗುವ ಮುಂಚೆ ಜಿರ್ಕೋನಿಯಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರೀ ರಂಧ್ರ. ಲಿಕ್ವಿಡ್ಡನ್ನು ಗಟಗಟ ಕುಡಿಯುತ್ತದೆ. ಫಾಸ್ಟ್‌ನಲ್ಲಿ ಆ ನೀರು ಆವಿಯಾಗಿ ಹೊರಗೆ ಬರಲು ಪುರುಸೊತ್ತೇ ಸಿಗಲ್ಲ. ಹಸಿ ಇಟ್ಟಿಗೆಯನ್ನು ಉರಿಯುವ ಗೂಡಿಗೆ ಇಟ್ಟ ಹಾಗೆ. ದಪ್ಪ ಕ್ಯಾಪಿಗೆ ಒಣಗಿಸುವ ಸಮಯ ಜಾಸ್ತಿ ಕೊಡಿ, ಸೀಳು ನಿಲ್ಲುತ್ತದೆ.

ಕುಲುಮೆ_ಮಾತು (ಬೆಂಗಳೂರು)

ಒಣಗಿಸುವ ಮಾತು ಸರಿ. ಅದೊಂದೇ ಕಾರಣ ಅಂತ ಮಾತ್ರ ನನಗೆ ಅನ್ನಿಸುತ್ತಿಲ್ಲ. ನಾನು ಹಲ್ಲಿನ ಕಡೆಯವನಲ್ಲ, ಯಂತ್ರಗಳಿಗೆ ಸಿರಾಮಿಕ್ ಬಿಡಿಭಾಗ ಸುಡುವ ಕೆಲಸ. ಆದರೆ ಪುಡಿ ಅದೇ ಜಾತಿಯದು.

ಮಾಮೂಲಿ ಕ್ಯಾಪ್ ಒಳಗೆ ಟೊಳ್ಳು. ಡಾಕ್ಟರು ಕೊರೆದು ಸಣ್ಣದು ಮಾಡಿದ ಹಲ್ಲಿನ ಮೇಲೆ ಅದು ಕೂರಬೇಕಲ್ಲ. ಹಾಗಾಗಿ ಗೋಡೆ ಒಂದು ಒಂದೂವರೆ ಮಿಲಿಮೀಟರ್ ಅಷ್ಟೆ. ಇಂಪ್ಲಾಂಟ್ ಮೇಲಿನ ಹಲ್ಲಿನ ಒಳಗೆ ಹಲ್ಲೇ ಇಲ್ಲ. ಸಣ್ಣದೊಂದು ಟೈಟಾನಿಯಂ ಕೊಳವೆ, ಉಳಿದದ್ದೆಲ್ಲ ಜಿರ್ಕೋನಿಯಾ. ಒಂದು ಕಡೆ ಗಡ್ಡೆಯಂತೆ ದಪ್ಪ, ಸ್ಕ್ರೂ ತೂತಿನ ಪಕ್ಕದಲ್ಲಿ ತೆಳು.

ಜಿರ್ಕೋನಿಯಾದೊಳಗೆ ಶಾಖ ಸಾಗುವುದು ಬಹಳ ನಿಧಾನ. ಅಲ್ಯುಮಿನಾ ಅನ್ನುವ ಇನ್ನೊಂದು ಸಿರಾಮಿಕ್ಕಿನ ಜೊತೆ ಇಟ್ಟು ನೋಡಿದರೆ ಸುಮಾರು ಹತ್ತರಲ್ಲಿ ಒಂದು ಪಾಲು. ಸುಡುವ ಮುಂಚೆ, ರಂಧ್ರ ತುಂಬಿರುವಾಗ, ಇನ್ನೂ ಕಡಿಮೆ. ಅದು ಕುಗ್ಗಲು ಶುರು ಮಾಡುವುದು 1100 ಡಿಗ್ರಿಯ ಆಸುಪಾಸಿನಲ್ಲಿ. ಜೋರಾಗಿ ಕುಗ್ಗುವುದು 1200ರಿಂದ 1400ರ ನಡುವೆ. ಉದ್ದದಲ್ಲಿ ಶೇ. 20 ಕುಗ್ಗುತ್ತದೆ ಅಂದರೆ ಒಟ್ಟು ಗಾತ್ರ ಅರ್ಧಕ್ಕೆ ಇಳಿಯಿತು ಅಂತ ಲೆಕ್ಕ. ಇಷ್ಟು ದೊಡ್ಡ ಬದಲಾವಣೆ ಹೊರಪದರದಲ್ಲಿ ಶುರುವಾದಾಗ ನಡುಭಾಗ ಇನ್ನೂ ಆ ಶಾಖಕ್ಕೆ ಬಂದೇ ಇರಲ್ಲ. ಹೊರಗಿನದು ಕುಗ್ಗಲು ನೋಡುತ್ತದೆ, ಒಳಗಿನದು ಬಿಡಲ್ಲ. ಹೊರಗಿನದು ಎಳೆತಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅರೆಬೆಂದ ಜಿರ್ಕೋನಿಯಾಕ್ಕೆ ಎಳೆತ ತಡೆಯುವ ತಾಕತ್ತಿಲ್ಲ. ತೂತಿನ ಅಂಚು, ದಪ್ಪವೂ ತೆಳುವೂ ಸೇರುವ ಜಾಗ, ಇವು ಮೊದಲು ಬಿಟ್ಟುಕೊಡುತ್ತವೆ. ನೀವು ಹೇಳಿದ ಜಾಗವೂ ಅದೇ ಅಲ್ವಾ?

ಕಡಲ_ಲ್ಯಾಬ್ ಅವರು ಹೇಳುವ ಅಧ್ಯಯನಗಳು ಸುಳ್ಳಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಮುರಿದು ನೋಡುವುದು ತೆಳ್ಳಗಿನ ಬಿಲ್ಲೆ ಅಥವಾ ಪಟ್ಟಿಯನ್ನು. ತೆಳ್ಳಗಿನದು ಬೇಗ ಸುಟ್ಟರೂ ಸಮನಾಗಿ ಬೇಯುತ್ತದೆ. ಅಲ್ಲಿ ಬಂದ ಉತ್ತರವನ್ನು ದಪ್ಪ ದವಡೆ ಹಲ್ಲಿಗೆ ಹಾಗೇ ತಂದು ಅಂಟಿಸಬಾರದು.

ಕಡಲ_ಲ್ಯಾಬ್

ದಪ್ಪದ ವಿಷಯ ಒಪ್ಪುತ್ತೇನೆ. ಆದರೆ ಫಾಸ್ಟ್ ಅಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಕ್ಲಿನಿಕ್ಕಿನಲ್ಲೇ ಇಟ್ಟುಕೊಳ್ಳುವ ಚಿಕ್ಕ ಇಂಡಕ್ಷನ್ ಫರ್ನೇಸುಗಳಲ್ಲಿ ಒಂಟಿ ಕ್ಯಾಪ್ ಕಾಲು ಗಂಟೆಗೇ ಆಚೆ ಬರುತ್ತದೆ. ಅದಕ್ಕೆಂದೇ ಮಾಡಿದ ಬ್ಲಾಕ್ ಇರುತ್ತದೆ. ಇಂತಿಷ್ಟೇ ದಪ್ಪ ಅಂತ ಮಿತಿಯನ್ನೂ ಬರೆದಿರುತ್ತಾರೆ. ಯಾರೂ ಓದಲ್ಲ, ಅದೇ ಕಷ್ಟ.

ನಾನು ಮಾಡೋದು ಹೀಗೆ. ಒಂಟಿ ಕ್ಯಾಪ್, ಚಿಕ್ಕ ಬ್ರಿಡ್ಜ್ (ಒಂದಕ್ಕೊಂದು ಜೋಡಿಸಿದ ಹಲ್ಲುಗಳು) ಫಾಸ್ಟ್‌ಗೆ. ಪೂರ್ತಿ ದವಡೆಯ ಇಂಪ್ಲಾಂಟ್ ಬ್ರಿಡ್ಜ್ ರಾತ್ರಿ ಪ್ರೋಗ್ರಾಂಗೆ. ಒಂಟಿ ಇಂಪ್ಲಾಂಟ್ ಹಲ್ಲನ್ನು ನಾನು ಮೊದಲ ಗುಂಪಿಗೆ ಸೇರಿಸುತ್ತಿದ್ದೆ. ಇನ್ನು ದಪ್ಪ ಅಳೆದು ನೋಡಿ ಹಾಕುತ್ತೇನೆ.

ಅಮ್ಮನ_ಹಲ್ಲು (ರಾಯಚೂರು)

ನಾನು ಲ್ಯಾಬಿನವನೂ ಅಲ್ಲ, ಡಾಕ್ಟರೂ ಅಲ್ಲ. ಅಮ್ಮನಿಗೆ ಇಂಪ್ಲಾಂಟ್ ಹಾಕಿಸಬೇಕು ಅಂತ ಹುಡುಕುತ್ತಾ ಇಲ್ಲಿಗೆ ಬಂದೆ. ನೀವೆಲ್ಲ ಸುಡುವುದರ ಬಗ್ಗೆ ಮಾತಾಡುತ್ತಿದ್ದೀರಿ, ಹೆದರಿಕೆ ಆಯಿತು. ಏನನ್ನು ಸುಡುತ್ತಾರೆ? ಇನ್ನೊಂದು, ಒಬ್ಬ ಡಾಕ್ಟರು ಲೋಹ ಬೇಡ, ಬಿಳಿ ಸಿರಾಮಿಕ್ ಸ್ಕ್ರೂನೇ ಹಾಕಿಸಿ ಅಂದರು. ದುಡ್ಡು ಜಾಸ್ತಿ. ಹಾಕಿಸಬಹುದಾ?

ಡಾ_ದವಡೆ (ಮೈಸೂರು, ಪ್ರಾಸ್ಥೊಡಾಂಟಿಸ್ಟ್, ಅಂದರೆ ಕೃತಕ ಹಲ್ಲಿನ ತಜ್ಞೆ)

ಹೆದರಬೇಡಿ. ಅಮ್ಮನ ಬಾಯಿಗೆ ಬರುವ ಮುಂಚೆಯೇ ಸುಡುವ ಕೆಲಸವೆಲ್ಲ ಮುಗಿದಿರುತ್ತದೆ. ಮೂಳೆಯೊಳಗೆ ಹೋಗುವುದು ಇಂಪ್ಲಾಂಟ್, ಬಹುಪಾಲು ಟೈಟಾನಿಯಂದು. ಅದರ ಮೇಲೆ ಕೂರುವುದು ಅಬಟ್‌ಮೆಂಟ್. ಅದರ ಮೇಲೆ ಕಾಣುವ ಹಲ್ಲು. ಈ ಥ್ರೆಡ್ಡಿನಲ್ಲಿ ನಡೆಯುತ್ತಿರುವ ಮಾತು ಹೆಚ್ಚಾಗಿ ಮೇಲಿನ ಎರಡರದು.

ಪೂರ್ತಿ ಸಿರಾಮಿಕ್ ಇಂಪ್ಲಾಂಟ್ ಕೆಟ್ಟದ್ದಲ್ಲ. ಒಸಡು ತೆಳ್ಳಗಿದ್ದು ಮುಂದಿನ ಹಲ್ಲಾದರೆ ಬೂದು ಬಣ್ಣ ಹೊಳೆಯುವುದಿಲ್ಲ ಅನ್ನುವುದು ದೊಡ್ಡ ಅನುಕೂಲ. ಆದರೆ ಟೈಟಾನಿಯಂ ಬಗ್ಗೆ ನಮ್ಮ ಬಳಿ ಇರುವ ಅನುಭವ 1965ರಿಂದ ಶುರು, ಸ್ವೀಡನ್ನಿನ ಬ್ರೋನೆಮಾರ್ಕ್ ಮೊದಲ ರೋಗಿಗೆ ಹಾಕಿದ್ದು ಆಗ. ಇವತ್ತಿನ ಜಿರ್ಕೋನಿಯಾ ಇಂಪ್ಲಾಂಟ್ ಬಗ್ಗೆ ಅಷ್ಟು ಉದ್ದದ ಲೆಕ್ಕ ಇಲ್ಲ. ಅಮ್ಮನದು ಹಿಂದಿನ ದವಡೆ ಹಲ್ಲಾದರೆ ನಾನಾಗಿದ್ದರೆ ಟೈಟಾನಿಯಂ ಇಂಪ್ಲಾಂಟ್, ಮೇಲೆ ಜಿರ್ಕೋನಿಯಾ ಹಲ್ಲು ಅನ್ನುತ್ತಿದ್ದೆ. ಆದರೆ ಬಾಯಿ ನೋಡದೆ ಇದಕ್ಕಿಂತ ಮುಂದೆ ಹೋಗಲ್ಲ.

ಅಮ್ಮನ_ಹಲ್ಲು

ಥ್ಯಾಂಕ್ಸ್ ಮೇಡಂ. ಹಿಂದಿನದೇ. ಆದರೆ ಸಿರಾಮಿಕ್ ಅಂದರೆ ಪಿಂಗಾಣಿ ಬಟ್ಟಲು ತಾನೇ? ಬಿದ್ದರೆ ಚೂರಾಗುತ್ತದೆ. ಅಂಥದ್ದು ಅಗಿಯೋ ಜಾಗದಲ್ಲಿ ಹೇಗೆ ಬಾಳುತ್ತದೆ?

ಕುಲುಮೆ_ಮಾತು

ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ತಿಳಿದರೆ ಫರ್ನೇಸಿನ ಕತೆಯೂ ಅರ್ಧ ತಿಳಿದ ಹಾಗೆ.

ಶುದ್ಧ ಜಿರ್ಕೋನಿಯಾವನ್ನು ಕಾಯಿಸುತ್ತಾ ಹೋದರೆ ಒಳಗಿನ ಹರಳಿನ ಜೋಡಣೆ ಬದಲಾಗುತ್ತದೆ. ಕೋಣೆಯ ಶಾಖದಲ್ಲಿ ಮಾನೋಕ್ಲಿನಿಕ್. ಸುಮಾರು 1170 ಡಿಗ್ರಿ ದಾಟಿದರೆ ಟೆಟ್ರಾಗೋನಲ್. 2370 ದಾಟಿದರೆ ಕ್ಯೂಬಿಕ್. ತಣ್ಣಗಾಗುವಾಗ ಟೆಟ್ರಾಗೋನಲ್ ವಾಪಸ್ ಮಾನೋಕ್ಲಿನಿಕ್ ಆಗುತ್ತದೆ. ಹಾಗೆ ಆಗುವಾಗ ಶೇ. 4-5ರಷ್ಟು ಉಬ್ಬುತ್ತದೆ. ಅಷ್ಟು ಉಬ್ಬಿದರೆ ತುಂಡು ತಾನೇ ಒಡೆದು ಹೋಗುತ್ತದೆ. ಅದಕ್ಕೇ ಶುದ್ಧ ಜಿರ್ಕೋನಿಯಾದಲ್ಲಿ ಗಟ್ಟಿ ಸಾಮಾನು ಮಾಡಲಾಗದು.

ಇದಕ್ಕೆ ಸ್ವಲ್ಪ ಯಿಟ್ರಿಯಾ ಬೆರೆಸುತ್ತಾರೆ. ಮೇಲೆ ಬಂದ 3ವೈ ಅಂದರೆ 3 ಮೋಲ್ ಶೇಕಡಾ ಯಿಟ್ರಿಯಾ. ಆಗ ಟೆಟ್ರಾಗೋನಲ್ ರೂಪ ತಣ್ಣಗಾದ ಮೇಲೂ ಹಾಗೇ ನಿಲ್ಲುತ್ತದೆ. ಆದರೆ ಅದು ಒತ್ತಾಯಕ್ಕೆ ನಿಂತದ್ದು. ಅವಕಾಶ ಸಿಕ್ಕರೆ ಮಾನೋಕ್ಲಿನಿಕ್ ಆಗಲು ಕಾಯುತ್ತಾ ಇರುತ್ತದೆ. ಎಲ್ಲೋ ಒಂದು ಬಿರುಕು ಮುಂದೆ ಸರಿಯಲು ನೋಡಿತು ಅನ್ನಿ. ಅದರ ತುದಿಯ ಒತ್ತಡಕ್ಕೆ ಅಲ್ಲಿನ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕನ್ನೇ ಹಿಸುಕಿ ನಿಲ್ಲಿಸುತ್ತವೆ. ಇದನ್ನು 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಅನ್ನುವವರು ನೇಚರ್ ಪತ್ರಿಕೆಯಲ್ಲಿ ವಿವರಿಸಿದರು. ಒಳ್ಳೆಯ 3ವೈ ಬಾಗಿಸಿ ಮುರಿಯಲು 900ರಿಂದ 1200 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಬೇಕು. ಬಟ್ಟಲಿನ ಪಿಂಗಾಣಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಈಗ ಫರ್ನೇಸಿಗೆ ಬನ್ನಿ. ಹರಳುಗಳು ಎಷ್ಟು ದೊಡ್ಡವು ಅನ್ನುವುದನ್ನು ಶಾಖವೂ ಸಮಯವೂ ನಿರ್ಧರಿಸುತ್ತವೆ. ತೀರಾ ಸಣ್ಣ ಉಳಿದರೆ, ಅಂದರೆ 0.2 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೆಳಗೆ, ಅವು ರೂಪ ಬದಲಿಸುವುದೇ ಇಲ್ಲ, ಬಿರುಕು ತಡೆಯುವ ಗುಣ ಹೋಯಿತು. ಮೈಕ್ರಾನ್ ದಾಟಿ ಬೆಳೆದರೆ ಯಾರೂ ತಳ್ಳದೆ ತಾವೇ ರೂಪ ಬದಲಿಸಲು ಶುರು ಮಾಡುತ್ತವೆ. ಅದಕ್ಕೇ ಹೆಚ್ಚಿನ ಕಂಪನಿಗಳು 1450ರಿಂದ 1550 ಡಿಗ್ರಿಯ ಸಣ್ಣ ಕಿಂಡಿಯೊಳಗೇ ಓಡಾಡುತ್ತವೆ. 1600ರ ಕಡೆ ಹೋದರೆ ಹರಳು ದೊಡ್ಡದಾಗುತ್ತದೆ, ಯಿಟ್ರಿಯಾ ಒಂದೆಡೆ ಜಾಸ್ತಿ ಒಂದೆಡೆ ಕಡಿಮೆ ಅಂತ ಹಂಚಿಹೋಗುತ್ತದೆ, ಬಲ ಇಳಿಯುತ್ತದೆ. ನೋಡಲು ಮಾತ್ರ ಇನ್ನೂ ಚೆಂದ, ಬೆಳಕು ಚೆನ್ನಾಗಿ ಹಾಯುತ್ತದೆ. ಮೋಸ ಹೋಗುವುದೇ ಇಲ್ಲಿ.

ಬೆಂಚಿನ_ಹಿಂದೆ

ಹಾಗಾದರೆ 5ವೈ? ಡಾಕ್ಟರುಗಳು ಈಗ ಮುಂದಿನ ಹಲ್ಲಿಗೆ ಅದನ್ನೇ ಕೇಳುತ್ತಾರೆ.

ಕುಲುಮೆ_ಮಾತು

5ವೈಯಲ್ಲಿ ಅರ್ಧದಷ್ಟು ಕ್ಯೂಬಿಕ್. ಕ್ಯೂಬಿಕ್ ರೂಪ ಬದಲಿಸಲ್ಲ, ಹಾಗಾಗಿ ಬಿರುಕು ತಡೆಯುವ ಆಟ ಅಲ್ಲಿ ಕಡಿಮೆ. ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಕೊಳ್ಳುವುದೇ ಪಾರದರ್ಶಕತೆಗಾಗಿ. ಬೇಗ ಸುಟ್ಟರೆ ಆ ಪಾರದರ್ಶಕತೆಯೇ ಮೊದಲು ಕೈಕೊಡುವುದು, ಸಣ್ಣ ಸಣ್ಣ ರಂಧ್ರ ಉಳಿದು ಹಾಲು ಹಾಲಾಗಿ ಕಾಣುತ್ತದೆ. ದುಡ್ಡು ಕೊಟ್ಟು ತಂದ ಗುಣವನ್ನೇ ಕಳೆದುಕೊಂಡಂತಾಯಿತು.

ಪಿಜಿ_ಎರಡನೇ_ವರ್ಷ (ದಾವಣಗೆರೆ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಸೀನಿಯರುಗಳು ಕ್ಷಮಿಸಬೇಕು. ನಮ್ಮಲ್ಲಿ ಒಂದು ಜಗಳ ನಡೆದಿದೆ. ಜಿರ್ಕೋನಿಯಾ ಅಬಟ್‌ಮೆಂಟನ್ನು ಬಾಯಿಗೆ ಹಾಕುವ ಮುಂಚೆ ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಸ್ಟೆರಿಲೈಸ್) ಮಾಡಬೇಕು ಅಂತ ಒಬ್ಬರು. ಆಟೋಕ್ಲೇವ್ ಮಾಡಿದರೆ ಜಿರ್ಕೋನಿಯಾ ಮುದಿಯಾಗುತ್ತದೆ ಅಂತ ಇನ್ನೊಬ್ಬರು. 1500 ಡಿಗ್ರಿ ತಡೆದದ್ದಕ್ಕೆ ಆಟೋಕ್ಲೇವಿನ 134 ಡಿಗ್ರಿ ಏನು ಮಾಡೀತು?

ಡಾ_ದವಡೆ

ನೀರಿಲ್ಲದ 1500 ಡಿಗ್ರಿಗಿಂತ ನೀರಿರುವ 134 ಡಿಗ್ರಿ ಅದಕ್ಕೆ ಜಾಸ್ತಿ ಕಾಟ ಕೊಡುತ್ತದೆ. ಸಿಂಟರ್ ಆಗುವಾಗ ಟೆಟ್ರಾಗೋನಲ್ ರೂಪವೇ ಅದಕ್ಕೆ ಸಹಜ. 134ರಲ್ಲಿ ಅದು ಒತ್ತಾಯಕ್ಕೆ ನಿಂತಿರುವ ರೂಪ. ಜೊತೆಗೆ ಆವಿ ಇದ್ದರೆ ಮೇಲ್ಮೈಯ ಹರಳುಗಳು ಒಂದೊಂದಾಗಿ ಮಾನೋಕ್ಲಿನಿಕ್ ಕಡೆ ಬೀಳುತ್ತವೆ. ಒಂದು ಉಬ್ಬಿದರೆ ಪಕ್ಕದಲ್ಲಿ ಸಣ್ಣ ಬಿರುಕು, ಬಿರುಕಿನೊಳಗೆ ನೀರು, ನೀರಿನಿಂದ ಮುಂದಿನ ಹರಳು. ಇದಕ್ಕೆ ಲೋ ಟೆಂಪರೇಚರ್ ಡಿಗ್ರೆಡೇಶನ್ ಅಂತಾರೆ. 1981ರಲ್ಲಿ ಜಪಾನಿನ ಕೊಬಯಾಶಿ ತಂಡ ಇದನ್ನು ಬೆಳಕಿಗೆ ತಂದಿತು. 200-300 ಡಿಗ್ರಿಯ ಹತ್ತಿರ ಅತಿ ಜೋರು. ಬಾಯಿಯ 37 ಡಿಗ್ರಿಯಲ್ಲೂ ನಡೆಯುತ್ತದೆ, ಆದರೆ ವರ್ಷಗಟ್ಟಲೆ ಬೇಕು.

ಐಎಸ್‌ಒ 13356 (ದೇಹದೊಳಗೆ ಹಾಕುವ ಜಿರ್ಕೋನಿಯಾದ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆಯಲ್ಲಿ ಮಾಡುವುದೇ ಇದು. 134 ಡಿಗ್ರಿ, 2 ಬಾರ್ ಒತ್ತಡ, 5 ಗಂಟೆ ಆಟೋಕ್ಲೇವಿನಲ್ಲಿಟ್ಟು, ಆಮೇಲೂ ಮಾನೋಕ್ಲಿನಿಕ್ ಪಾಲು ಶೇ. 25 ದಾಟಬಾರದು. ಅಲ್ಲಿನ ಒಂದು ಗಂಟೆ ದೇಹದೊಳಗಿನ ಮೂರು ನಾಲ್ಕು ವರ್ಷಕ್ಕೆ ಸಮ ಅಂತ ಹಳೆಯ ಅಂದಾಜೊಂದಿದೆ. ಎಲ್ಲ ಜಿರ್ಕೋನಿಯಾಕ್ಕೂ ಅದೇ ಲೆಕ್ಕ ಹಿಡಿಯುವುದು ಸರಿಯಲ್ಲ. ಆದರೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮ್ಮ ಕ್ಲಿನಿಕ್ಕಿನ 4 ನಿಮಿಷದ ಸೈಕಲ್ ಅಂದರೆ ಎರಡು ಮೂರು ತಿಂಗಳ ವಯಸ್ಸು. ಒಂದು ಸಲಕ್ಕೆ ಏನೂ ಆಗಲ್ಲ. ಒಂದೇ ತುಂಡನ್ನು ಮತ್ತೆ ಮತ್ತೆ ಹಾಕುವ ಅಭ್ಯಾಸ ಬೇಡ. ಟೈ-ಬೇಸಿಗೆ ಅಂಟಿಸಿದ್ದಾದರೆ ಆ ಸಿಮೆಂಟ್ ಆಟೋಕ್ಲೇವ್ ತಡೆಯುತ್ತದಾ ಅಂತ ಅದರ ಕಂಪನಿಯ ಹಾಳೆ ಓದಿ.

ಪಿಜಿ_ಎರಡನೇ_ವರ್ಷ

ಗಾಮಾ ಕಿರಣದಲ್ಲಿ ಸ್ಟೆರಿಲೈಸ್ ಮಾಡಿದರೆ?

ಡಾ_ದವಡೆ

ಬಿಳಿ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಷಂಟ್ ಬಿಡ್ತಾರಾ?

ಕುಲುಮೆ_ಮಾತು

ಆಟೋಕ್ಲೇವ್ ಮಾತು ಬಂದದ್ದರಿಂದ ಒಂದು ಹಳೆಯ ಪ್ರಕರಣ ಹೇಳಲೇಬೇಕು. ಇದು ಹಲ್ಲಿನದಲ್ಲ, ಸೊಂಟದ ಕೀಲಿನದು. ನಮ್ಮ ಉದ್ಯಮದಲ್ಲಿ ಹೊಸಬರಿಗೆ ಮೊದಲು ಹೇಳುವ ಪಾಠ ಇದು.

1980ರ ದಶಕದ ಮಧ್ಯದಿಂದ ಕೀಲು ಬದಲಿಸುವ ಆಪರೇಷನ್ನಿನಲ್ಲಿ ತೊಡೆಮೂಳೆಯ ತುದಿಯ ದುಂಡನೆಯ ಗುಂಡನ್ನು ಜಿರ್ಕೋನಿಯಾದಲ್ಲಿ ಮಾಡಲು ಶುರು ಮಾಡಿದರು. ಫ್ರಾನ್ಸಿನ ಸೇಂಟ್-ಗೊಬೆನ್ ದೆಮಾರ್ಕೆ ಕಂಪನಿಯ ಪ್ರೊಜೈರ್ ಅನ್ನುವ ಗುಂಡು ಬಹಳ ಹೆಸರು ಮಾಡಿತ್ತು. ವರ್ಷಗಟ್ಟಲೆ ಚೆನ್ನಾಗೇ ನಡೆಯಿತು. 1990ರ ದಶಕದ ಮಧ್ಯದಲ್ಲಿ ಒಂದು ಎಚ್ಚರಿಕೆ ಬಂತು. ಆಸ್ಪತ್ರೆಗಳು ಇಂಥ ಗುಂಡುಗಳನ್ನು ಮತ್ತೆ ಆವಿಯಲ್ಲಿ ಸ್ಟೆರಿಲೈಸ್ ಮಾಡಬಾರದು, ಮೇಲ್ಮೈ ಒರಟಾಗುತ್ತದೆ ಅಂತ ಬ್ರಿಟನ್, ಅಮೆರಿಕದ ಅಧಿಕಾರಿಗಳು ಹೇಳಿದರು. ಡಾಕ್ಟರಮ್ಮ ಹೇಳಿದರಲ್ಲ, ಅದೇ ಕಾರಣ.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. 1998ರಲ್ಲಿ ಕಂಪನಿ ಫರ್ನೇಸ್ ಬದಲಿಸಿತು. ಮುಂಚೆ ಒಂದೊಂದು ಬ್ಯಾಚ್ ಒಳಗಿಟ್ಟು ಸುಟ್ಟು ತಣಿಸಿ ತೆಗೆಯುತ್ತಿದ್ದರು. ಹೊಸದು ಸುರಂಗದಂಥ ಫರ್ನೇಸ್, ಒಂದು ಕಡೆಯಿಂದ ಒಳಗೆ ಹೋದದ್ದು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ, ಕೆಲಸ ನಿಲ್ಲುವುದೇ ಇಲ್ಲ. ಪುಡಿ ಅದೇ. ಯಿಟ್ರಿಯಾ ಅದೇ. ಬದಲಾದದ್ದು ಶಾಖ ಕೊಡುವ ರೀತಿ. ಆ ಕೆಲವು ಬ್ಯಾಚುಗಳ ಗುಂಡುಗಳು ರೋಗಿಗಳ ದೇಹದೊಳಗೇ ಒಡೆಯತೊಡಗಿದವು. 2001ರ ಆಗಸ್ಟಿನಲ್ಲಿ ಕಂಪನಿ ಅವನ್ನು ವಾಪಸ್ ಕರೆಸಿತು. ಸ್ವಲ್ಪ ಕಾಲದಲ್ಲೇ ಸುಮಾರು 400 ಗುಂಡುಗಳು ಮುರಿದಿದ್ದವು. ಗುಂಡಿನ ನಡುಭಾಗ ಹೊರಗಿನಷ್ಟು ಗಟ್ಟಿಯಾಗಿ ಕೂಡಿಕೊಂಡಿರಲಿಲ್ಲ, ರಂಧ್ರ ಉಳಿದಿತ್ತು, ಅಲ್ಲಿ ನೀರಿನ ಕಾಟ ಬೇಗ ಹಬ್ಬಿತು ಅಂತ ಆಮೇಲಿನ ವಿಶ್ಲೇಷಣೆಗಳಲ್ಲಿ ಬಂತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದೇ. ಹೊರಗಿನಿಂದ ನೋಡಿದರೆ ಆ ಗುಂಡುಗಳಲ್ಲಿ ಏನೂ ಕಾಣುತ್ತಿರಲಿಲ್ಲ. ದಪ್ಪ ತುಂಡಿನ ನಡುಭಾಗ ಸರಿಯಾಗಿ ಬೇಯಲಿಲ್ಲ, ಅಷ್ಟೇ. ಬೆಂಚಿನ_ಹಿಂದೆ ಅವರಿಗೆ ಸೀಳಾದರೂ ಕಂಡಿತು. ಸೀಳದೆ, ನಡುವೆ ರಂಧ್ರ ಉಳಿಸಿಕೊಂಡು ಹೊರಬಂದ ಕ್ಯಾಪ್ ಇದ್ದರೆ ಅದು ಕಣ್ಣಿಗೆ ಸಿಗಲ್ಲ.

ಕಡಲ_ಲ್ಯಾಬ್

ಸೊಂಟದ ಗುಂಡು ಬೇರೆ, ಹಲ್ಲು ಬೇರೆ ಅಲ್ವಾ ಸರ್? ಗುಂಡಿನೊಳಗೆ ಲೋಹದ ಕೋನ್ ಬಿಗಿಯಾಗಿ ಕೂತು ಹೊರಕ್ಕೆ ಒತ್ತುತ್ತಿರುತ್ತದೆ. ಹಲ್ಲಿನ ಕ್ಯಾಪ್ ಹಾಗೆ ಒಡೆದದ್ದು ನಾನು ಕಂಡಿಲ್ಲ. ಈ ಕತೆ ಹೇಳಿ ಜಿರ್ಕೋನಿಯಾ ಮಾರಬೇಡಿ ಅನ್ನುವವರಿಗೆ ಇದೇ ಬೇಕು.

ಕುಲುಮೆ_ಮಾತು

ಭಾರ ಬೇರೆ, ಒಪ್ಪಿದೆ. ಜಿರ್ಕೋನಿಯಾ ಬೇಡ ಅಂತ ನಾನೂ ಹೇಳುತ್ತಿಲ್ಲ. ಇವತ್ತಿನ ಪುಡಿಗಳಲ್ಲಿ ಚೂರು ಅಲ್ಯುಮಿನಾ ಹಾಕಿ ನೀರಿನ ಕಾಟ ತಗ್ಗಿಸಿದ್ದಾರೆ. ಸಿರಾಮಿಕ್ ಇಂಪ್ಲಾಂಟ್ ಮಾಡುವ ಕೆಲವರು ಸಿಂಟರ್ ಆದ ಮೇಲೆ ಎಚ್‌ಐಪಿ ಮಾಡುತ್ತಾರೆ. ಅಂದರೆ ಬಿಸಿಯ ಜೊತೆ ಸಾವಿರ ಬಾರ್‌ಗಿಂತ ಜಾಸ್ತಿ ಅನಿಲದ ಒತ್ತಡ, ಎಲ್ಲ ಕಡೆಯಿಂದ. ಉಳಿದ ರಂಧ್ರವೂ ಮುಚ್ಚಿಹೋಗುತ್ತದೆ. ಲ್ಯಾಬಿನಲ್ಲಿ ಆ ಸೌಲಭ್ಯ ಇಲ್ಲ. ಇರುವುದು ಶಾಖ ಮತ್ತು ಸಮಯ ಎರಡೇ. ಆ ಎರಡರಲ್ಲೂ ಉಳಿತಾಯ ಮಾಡಿದರೆ ಉಳಿಯುವುದೇನು?

ಡಾ_ದವಡೆ

ಕಡಲ_ಲ್ಯಾಬ್ ಅವರೇ, ಒಡೆದದ್ದು ಕಂಡಿಲ್ಲ ಅಂದಿರಿ. ಪೂರ್ತಿ ಕ್ಯಾಪ್ ಒಡೆಯುವುದು ಅಪರೂಪ, ನಿಜ. ಆದರೆ ಜಿರ್ಕೋನಿಯಾದ ಮೇಲೆ ಚೆಂದಕ್ಕೆ ಹಚ್ಚಿದ ಪೋರ್ಸೆಲಿನ್ (ಗಾಜಿನಂಥ ಪದರ) ಚಕ್ಕೆ ಏಳುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇಂಪ್ಲಾಂಟ್ ಮೇಲೆ ಜಾಸ್ತಿ. ಸಹಜ ಹಲ್ಲಿನ ಬೇರಿನ ಸುತ್ತ ಇರುವ ಲಿಗಮೆಂಟ್ ಇಂಪ್ಲಾಂಟಿಗಿಲ್ಲ, ಎಷ್ಟು ಜೋರಾಗಿ ಕಚ್ಚಿದೆ ಅಂತ ಪೇಷಂಟಿಗೆ ಸರಿಯಾಗಿ ತಿಳಿಯಲ್ಲ.

ಅದರಲ್ಲೂ ಶಾಖದ ಪಾಲಿದೆ. ಪೋರ್ಸೆಲಿನ್ ಸುಡುವುದು 750ರಿಂದ 900 ಡಿಗ್ರಿಯಲ್ಲಿ. ಒಳಗಿನ ಜಿರ್ಕೋನಿಯಾ ಬಿಸಿಯನ್ನು ಬೇಗ ಬಿಡುವುದಿಲ್ಲ. ಫರ್ನೇಸ್ ಬಾಗಿಲು ಫಟ್ ಅಂತ ತೆಗೆದರೆ ಹೊರಗಿನ ಪೋರ್ಸೆಲಿನ್ ಗಟ್ಟಿಯಾಗಿ ಬಿಡುತ್ತದೆ, ಒಳಗೆ ಇನ್ನೂ ಬಿಸಿ. ಆ ಒತ್ತಡ ಒಳಗೇ ಕೂತುಬಿಡುತ್ತದೆ. ಒಂದು ದಿನ ಚಕ್ಕುಲಿಯೋ ಕಡಲೆಯೋ ನೆಪ ಅಷ್ಟೆ. ಕೊನೆಯ ಫೈರಿಂಗಿನ ನಂತರ ನಿಧಾನ ತಣಿಸಿ ಅಂತ ಲ್ಯಾಬಿನವರಿಗೆ ಬರೆದು ಕೊಡುತ್ತೇನೆ. ಕೆಲವರು ಮಾಡುತ್ತಾರೆ. ಈಗ ಹಿಂದಿನ ಹಲ್ಲಿಗೆ ಪೋರ್ಸೆಲಿನ್ ಬೇಡವೇ ಬೇಡ, ಪೂರ್ತಿ ಜಿರ್ಕೋನಿಯಾ ಮಾಡಿ ಸ್ಟೈನ್ (ಮೇಲಿನ ಬಣ್ಣ), ಗ್ಲೇಜ್ (ಹೊಳಪಿನ ಲೇಪ) ಸಾಕು ಅನ್ನುತ್ತೇನೆ.

ಬೆಂಚಿನ_ಹಿಂದೆ

ಮೇಡಂ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಇನ್ನೊಂದು ತಪ್ಪು ಮಾಡುತ್ತಾರೆ. ಲೋಹದ ಕ್ಯಾಪಿಗೆ ಬಳಸುವ ಪೋರ್ಸೆಲಿನ್ ಡಬ್ಬ ಜಿರ್ಕೋನಿಯಾದ ಪಕ್ಕದಲ್ಲೇ ಇರುತ್ತದೆ. ಬಿಸಿಗೆ ಹಿಗ್ಗುವ ಲೆಕ್ಕ ಎರಡರದೂ ಬೇರೆ. ಜಿರ್ಕೋನಿಯಾದ್ದು ಸುಮಾರು 10.5 (ಒಂದು ಡಿಗ್ರಿಗೆ ಉದ್ದದ ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಅದರ ಪೋರ್ಸೆಲಿನ್ ಅದಕ್ಕಿಂತ ತುಸು ಕಡಿಮೆ ಇರಬೇಕು. ಲೋಹದ್ದು 13ರ ಮೇಲೆ. ಬದಲಾದರೆ ತಣ್ಣಗಾಗುವಾಗಲೇ ಬಿರುಕು.

ಈಗ ನನ್ನ ಫರ್ನೇಸಿನ ಪ್ರಶ್ನೆ ಉಳಿಯಿತು. ಡಿಸ್‌ಪ್ಲೇಯಲ್ಲಿ 1530 ತೋರಿಸುತ್ತದೆ. ಒಳಗೆ ನಿಜವಾಗಿ 1530 ಇದೆಯಾ ಅಂತ ತಿಳಿಯೋದು ಹೇಗೆ? ಪೋರ್ಸೆಲಿನ್ ಫರ್ನೇಸಿಗೆ ಬೆಳ್ಳಿ ತಂತಿ ಇಟ್ಟು ನೋಡುತ್ತೇವೆ.

ಕುಲುಮೆ_ಮಾತು

ಬೆಳ್ಳಿ 962ಕ್ಕೆ ಕರಗುತ್ತದೆ, ಇಲ್ಲಿಗೆ ಸಾಲದು. ಸಿಂಟರಿಂಗ್ ಫರ್ನೇಸಿಗೆ ಅಳತೆಯ ಸಿರಾಮಿಕ್ ಉಂಗುರಗಳು ಸಿಗುತ್ತವೆ. ಒಳಗಿಟ್ಟು ಪೂರ್ತಿ ಪ್ರೋಗ್ರಾಂ ಓಡಿಸಿ. ತಣ್ಣಗಾದ ಮೇಲೆ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಎಷ್ಟು ಕುಗ್ಗಿದೆ ಅನ್ನುವುದರ ಮೇಲೆ ನಿಜವಾಗಿ ಎಷ್ಟು ಶಾಖ ತಗುಲಿತು ಅಂತ ಚಾರ್ಟ್ ಹೇಳುತ್ತದೆ. ಟ್ರೇಯ ನಡುವೆ ಒಂದು, ಅಂಚಿನಲ್ಲಿ ಒಂದು ಇಡಿ. ಎರಡೂ ಕಡೆ ಒಂದೇ ಬಂದರೆ ನಿಮ್ಮ ಅದೃಷ್ಟ. ಥರ್ಮೋಕಪಲ್ (ಫರ್ನೇಸಿನೊಳಗೆ ಶಾಖ ಅಳೆಯುವ ತಂತಿ) ವಯಸ್ಸಾದಂತೆ ಸುಳ್ಳು ಹೇಳಲು ಶುರು ಮಾಡುತ್ತದೆ.

ಟೈ-ಬೇಸ್ ಕೂಡ ಒಳ್ಳೆಯ ಅಳತೆಗೋಲು. ಶಾಖ ಸಾಲದೆ ಕಡಿಮೆ ಕುಗ್ಗಿದರೆ ತೂತು ದೊಡ್ಡದಾಗೇ ಉಳಿಯುತ್ತದೆ, ಕ್ಯಾಪ್ ಟೈ-ಬೇಸ್ ಮೇಲೆ ಲೊಡಲೊಡ ಅನ್ನುತ್ತದೆ. ಡಿಸ್ಕಿನ ಲೇಬಲ್ಲಿನಲ್ಲಿ ಹಿಗ್ಗಿಸುವ ಅಂಶ ಅಂತ ಒಂದು ಸಂಖ್ಯೆ ಇರುತ್ತದೆ (ಆಮೇಲೆ ಕುಗ್ಗುವುದರಿಂದ ಎಷ್ಟು ದೊಡ್ಡದಾಗಿ ಕೊರೆಯಬೇಕು ಅನ್ನುವ ಲೆಕ್ಕ), ಅದು ಪ್ರತಿ ಬ್ಯಾಚಿಗೂ ಬೇರೆ. ಅದನ್ನು ಸರಿಯಾಗಿ ಹಾಕಿಯೂ ಕ್ಯಾಪ್ ಸಡಿಲ ಬಂದರೆ ಮೊದಲು ಫರ್ನೇಸನ್ನು ಅನುಮಾನಿಸಿ. ಸಿಮೆಂಟ್ ಜಾಸ್ತಿ ತುಂಬಿ ಮುಚ್ಚಿಹಾಕಬೇಡಿ.

ಗದಗ_ಸಿರಾಮಿಕ್ (ಗದಗ)

ನಮ್ಮಲ್ಲಿ ಕ್ಯಾಪುಗಳಿಗೆ ಆಗಾಗ ಹಸಿರು ಛಾಯೆ ಬರುತ್ತದೆ. ಇದೂ ಶಾಖದ್ದೇನಾ? ಮತ್ತೆ ಮಧ್ಯದಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀರಿ ಎಲ್ಲರೂ?

ಕಡಲ_ಲ್ಯಾಬ್

ಹಸಿರು ಅಂದರೆ ಹೀಟಿಂಗ್ ಎಲಿಮೆಂಟ್ ನೋಡಿ. ಮಾಲಿಬ್ಡಿನಮ್ ಡೈಸಿಲಿಸೈಡ್ ಕಂಬಿಗಳ ಮೇಲೆ ಗಾಜಿನಂಥ ಪೊರೆ ಇರುತ್ತದೆ. ಅದು ಉದುರಿದರೆ ಕ್ಯಾಪಿನ ಬಣ್ಣ ಕೆಡುತ್ತದೆ. ಸರಿಯಾಗಿ ಒಣಗದ ಕಲರಿಂಗ್ ಲಿಕ್ವಿಡ್ಡಿನ ಆವಿ ಕಂಬಿಗೆ ತಗುಲಿದರೂ ಅಷ್ಟೆ. ಖಾಲಿ ಫರ್ನೇಸನ್ನು ಕಂಪನಿ ಹೇಳಿದ ಕ್ಲೀನಿಂಗ್ ಪ್ರೋಗ್ರಾಂನಲ್ಲಿ ಓಡಿಸಿ, ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಕರೆಂಟ್ ಹೋದರೆ ಮೊದಲ ಕೆಲಸ, ಬಾಗಿಲು ತೆಗೆಯದೇ ಇರುವುದು. ಮುಚ್ಚಿದ ಫರ್ನೇಸ್ ತಾನಾಗೇ ನಿಧಾನಕ್ಕೆ ತಣಿಯುತ್ತದೆ. ಕುಗ್ಗಲು ಶುರುವಾಗುವ ಮುಂಚೆ ಹೋಗಿದ್ದರೆ ಮತ್ತೆ ಮೊದಲಿಂದ ಓಡಿಸುತ್ತೇವೆ. 1200 ದಾಟಿದ ಮೇಲೆ ಹೋಗಿದ್ದರೆ ಬಿಸಾಡುತ್ತೇವೆ. ಹೊಟ್ಟೆ ಉರಿಯುತ್ತದೆ, ಆದರೆ ಅರ್ಧ ಬೆಂದದ್ದನ್ನು ಮತ್ತೆ ಬೇಯಿಸಿ ಇಂಪ್ಲಾಂಟ್ ಕೇಸಿಗೆ ಕೊಡುವ ಧೈರ್ಯ ನನಗಿಲ್ಲ. ಜನರೇಟರ್ ಇದ್ದರೆ ರಾತ್ರಿ ನಿದ್ದೆ ಬರುತ್ತದೆ.

ಪಿಜಿ_ಎರಡನೇ_ವರ್ಷ

ಲಿಥಿಯಂ ಡೈಸಿಲಿಕೇಟ್ ಕ್ಯಾಪನ್ನೂ ಟೈ-ಬೇಸ್ ಮೇಲೆ ಕೊಡುತ್ತಾರಲ್ಲ? ಅದಕ್ಕೂ ಇದೇ ಕಷ್ಟಗಳಾ?

ಡಾ_ದವಡೆ

ಅದು ಗಾಜಿನ ಜಾತಿ, ಕುಗ್ಗುವ ತಲೆನೋವು ಹೆಚ್ಚುಕಡಿಮೆ ಇಲ್ಲ. ನೀಲಿ ಬ್ಲಾಕನ್ನು ಕೊರೆದು 840-850 ಡಿಗ್ರಿಯಲ್ಲಿ ಸುಟ್ಟಾಗ ಒಳಗೆ ಹರಳು ಬೆಳೆದು ಹಲ್ಲಿನ ಬಣ್ಣಕ್ಕೆ ಬರುತ್ತದೆ. ಬಲವೂ 130ರ ಆಸುಪಾಸಿನಿಂದ 360 ಮೆಗಾಪ್ಯಾಸ್ಕಲ್‌ಗೆ ಏರುತ್ತದೆ. ಸಮಯ ಉಳಿಸಲು ಆ ಸುಡುವಿಕೆಯನ್ನೇ ಮೊಟಕು ಮಾಡಿದರೆ ಅರ್ಧ ಬಲದ ಹಲ್ಲು ಕೊಟ್ಟಂತೆ.

ಇನ್ನು ನಮ್ಮ ಡಾಕ್ಟರುಗಳಿಗೂ ಒಂದು ಮಾತು. ಲ್ಯಾಬಿನವರು ರಾತ್ರಿಯಿಡೀ ನಿಧಾನಕ್ಕೆ ಸುಟ್ಟು ಕೊಟ್ಟದ್ದನ್ನು ನಾವು ಕ್ಲಿನಿಕ್ಕಿನಲ್ಲಿ ನೀರಿಲ್ಲದೆ ಏರೋಟರ್ (ಹಲ್ಲು ಕೊರೆಯುವ ಡ್ರಿಲ್) ಹಿಡಿದು ಕಿಡಿ ಹಾರಿಸುತ್ತೇವೆ. ಆ ಒಂದು ಚುಕ್ಕೆಯಲ್ಲಿ ಏರುವ ಶಾಖಕ್ಕೆ ಜಿರ್ಕೋನಿಯಾ ಹೊರಗೆ ಹೋಗಲು ದಾರಿ ಕೊಡಲ್ಲ. ಸಣ್ಣ ಬಿರುಕು ಅಲ್ಲೇ ಹುಟ್ಟುತ್ತದೆ. ನೀರು ಬಿಡಿ, ನುಣುಪು ಡೈಮಂಡ್ ಬರ್ ಹಿಡಿಯಿರಿ, ಕೈ ಹಗುರ ಇರಲಿ, ಆಮೇಲೆ ಪಾಲಿಶ್ ಮಾಡಿ.

ಬೆಂಚಿನ_ಹಿಂದೆ

ಎಲ್ಲರಿಗೂ ಧನ್ಯವಾದ. ದಪ್ಪ ಇಂಪ್ಲಾಂಟ್ ಹಲ್ಲುಗಳನ್ನೆಲ್ಲ ಈಗ ಚೆನ್ನಾಗಿ ಒಣಗಿಸಿ ರಾತ್ರಿ ಪ್ರೋಗ್ರಾಂಗೆ ಹಾಕುತ್ತಿದ್ದೇವೆ. ಸೀಳು ಕಂಡಿಲ್ಲ. ಉಂಗುರ ತರಿಸಿ ನೋಡಿದೆವು, ಬಾಗಿಲ ಕಡೆ ಸ್ವಲ್ಪ ಕಡಿಮೆ ಬಿಸಿ ಇದೆ. ಆ ಕಡೆ ಈಗ ತೆಳ್ಳಗಿನ ಕ್ಯಾಪ್ ಇಡುತ್ತೇವೆ, ದಪ್ಪದ್ದು ನಡುವೆ. ಸ್ಲಿಪ್ಪಿನಲ್ಲೂ "ಇಂಪ್ಲಾಂಟ್ ಕೇಸ್, ಮಾರನೇ ದಿನ" ಅಂತ ಅಚ್ಚು ಹಾಕಿಸಿದ್ದೇವೆ. ಒಬ್ಬ ಡಾಕ್ಟರು ಕೋಪ ಮಾಡಿಕೊಂಡರು.

ಇವತ್ತು ಇನ್ನೊಂದು ಕೇಸ್ ಬಂದಿದೆ. ನಾಲ್ಕೈದು ವರ್ಷ ಬಾಯಲ್ಲಿದ್ದ ಹಲ್ಲು. ಜಿರ್ಕೋನಿಯಾದ ಮೇಲಿನ ಪೋರ್ಸೆಲಿನ್ ಮೂಲೆ ಹಾರಿದೆ. ಸ್ಕ್ರೂ ಬಿಚ್ಚಿ ಟೈ-ಬೇಸ್ ಸಮೇತ ಕಳಿಸಿದ್ದಾರೆ. ಹಾಗೇ ಪೋರ್ಸೆಲಿನ್ ಹಚ್ಚಿ ಸುಟ್ಟು ಕೊಡಿ ಅಂತ ಚೀಟಿ. ಸುಡಬಹುದಾ?

ಕುಲುಮೆ_ಮಾತು

ಟೈ-ಬೇಸ್ ಸಮೇತ ಬೇಡವೇ ಬೇಡ. ಟೈಟಾನಿಯಂ ಆ ಬಿಸಿಯಲ್ಲಿ ತುಕ್ಕಿನಂಥ ಪದರ ಕಟ್ಟಿಕೊಳ್ಳುತ್ತದೆ, ಶುದ್ಧ ಟೈಟಾನಿಯಂ ಆದರೆ 882 ಡಿಗ್ರಿ ದಾಟಿದಾಗ ಅದರ ಹರಳೂ ಬದಲಾಗುತ್ತದೆ. ಇಂಪ್ಲಾಂಟಿನೊಳಗೆ ಅದು ಮತ್ತೆ ಮೊದಲಿನಂತೆ ಕೂರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಸಿಮೆಂಟ್ ಅಂತೂ ಸುಟ್ಟು ಹೋಗುತ್ತದೆ.

ಡಾ_ದವಡೆ

ಮೊದಲು ಬಿಡಿಸಬೇಕು. ಸಿಮೆಂಟ್ ಮೆತ್ತಗಾಗುವಷ್ಟು ಬಿಸಿ ಮಾಡಿ ಟೈ-ಬೇಸ್ ತೆಗೆಯಿರಿ, ಆ ಟೈ-ಬೇಸನ್ನು ಮತ್ತೆ ಬಳಸಬೇಡಿ, ಹೊಸದು ತರಿಸಿ. ಕ್ಯಾಪಿನ ಒಳಗೆ ಉಳಿದ ಸಿಮೆಂಟ್ ಪೂರ್ತಿ ತೆಗೆಯಿರಿ. ಆಮೇಲೂ ನೇರವಾಗಿ 800 ಡಿಗ್ರಿಗೆ ಕೊಂಡೊಯ್ಯಬೇಡಿ. ಬಾಯಲ್ಲಿ ಇದ್ದಷ್ಟು ವರ್ಷ ಪೋರ್ಸೆಲಿನ್ ನೀರು ಹೀರಿರುತ್ತದೆ. ಫರ್ನೇಸ್ ಬಾಯಲ್ಲಿ ಕಡಿಮೆ ಬಿಸಿಯಲ್ಲಿ ಬಹಳ ಹೊತ್ತು ಒಣಗಿಸಿ, ನಿಧಾನಕ್ಕೆ ಏರಿಸಿ. ಇಷ್ಟೆಲ್ಲ ಮಾಡಿದರೂ ಉಳಿದ ಪೋರ್ಸೆಲಿನ್ ಸಿಡಿಯಬಹುದು ಅಂತ ಡಾಕ್ಟರಿಗೆ ಮೊದಲೇ ಹೇಳಿ. ನನ್ನ ಕೇಳಿದರೆ ಹಳೆಯ ಸ್ಕ್ಯಾನ್ ಇದ್ದರೆ ಹೊಸದೇ ಮಿಲ್ ಮಾಡಿ, ಈ ಸಲ ಪೋರ್ಸೆಲಿನ್ ಇಲ್ಲದೆ.

ಬೆಂಚಿನ_ಹಿಂದೆ

ಸ್ಕ್ಯಾನ್ ಇದೆ ಮೇಡಂ. ಹೊಸದೇ ಮಾಡುತ್ತೇನೆ. ಇವತ್ತು ಸಂಜೆಗೇ ಬೇಕು ಅಂತ ಈಗಾಗಲೇ ಫೋನ್ ಬಂದಿದೆ, ನಾಳೆ ಅಂದಿದ್ದೇನೆ.